ಹಾಡಲು ಬಾರದವರ ಮನೆಯಲ್ಲೂ ಹಾಡು: ದಿನದ ಪ್ರಾರ್ಥನೆಗೆ ಸಂಗೀತ ಸೇರಿಸುವುದು ಹೇಗೆ?

"ನನಗೆ ಹಾಡಲು ಬರಲ್ಲ, ಮನೆಯ ಪ್ರಾರ್ಥನೆಯಲ್ಲಿ ಹಾಡು ಶುರು ಮಾಡುವುದು ಹೇಗೆ?" "ಮೊಬೈಲಿನಲ್ಲಿ ಕ್ರೈಸ್ತ ಹಾಡು ಹಾಕಿಟ್ಟರೆ ಸಾಲದಾ?" "ಮನಸ್ಸು ಕುಸಿದಿರುವಾಗಲೂ ಸ್ತುತಿ ಹಾಡಲೇಬೇಕಾ?" ಓದುಗರು ಮತ್ತೆ ಮತ್ತೆ ಕೇಳುವುದು ಈ ಮೂರೇ ಪ್ರಶ್ನೆ. ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಇದು ಸಂಗೀತ ಪಾಠವಲ್ಲ. ಸ್ವರ, ತಾಳ ಗೊತ್ತಿಲ್ಲದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದದ್ದು. ಗುರಿಯೂ ದೊಡ್ಡದಲ್ಲ. ಕೆಲವು ತಿಂಗಳಲ್ಲಿ ಏಳು ಹಾಡು ಪುಸ್ತಕ ನೋಡದೆ ನಿಮ್ಮ ಬಾಯಿಗೆ ಬರಬೇಕು, ಅಷ್ಟೇ. ಏಳೇ ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಬೇಕಾಗುವ ಸಾಮಾನು: ಒಂದು ಬೈಬಲ್, ನಿಮ್ಮ ಸಭೆಯಲ್ಲಿ ಬಳಸುವ ಹಾಡಿನ ಪುಸ್ತಕ, ಒಂದು ನೋಟ್‌ಬುಕ್, ದಿನಕ್ಕೆ ಹತ್ತು ನಿಮಿಷ. ಗಿಟಾರ್, ಕೀಬೋರ್ಡ್ ಇದ್ದರೆ ಇರಲಿ. ಇಲ್ಲದಿದ್ದರೆ ಕೊಳ್ಳಲು ಹೋಗಬೇಡಿ. ವಾದ್ಯ ಬಂದ ಮೇಲೆ ಶುರು ಮಾಡೋಣ ಅಂದವರು ಶುರು ಮಾಡಿದ್ದು ಕಡಿಮೆ.

ಹಂತ 1: ಕೇಳುವುದು ಬೇರೆ, ಹಾಡುವುದು ಬೇರೆ

ಎಲ್ಲ ಗೊಂದಲವೂ ಇಲ್ಲಿಂದಲೇ ಹುಟ್ಟುತ್ತದೆ. ಅಡುಗೆ ಮಾಡುತ್ತಾ, ಗಾಡಿ ಓಡಿಸುತ್ತಾ ಹಾಡು ಕೇಳುವುದು ಒಳ್ಳೆಯದೇ. ಆದರೆ ಬೇರೆಯವರು ಹಾಡಿದ್ದನ್ನು ಕೇಳಿದರೆ ನೀವು ಹಾಡಿದಂತೆ ಆಗುವುದಿಲ್ಲ. ಬೇರೆಯವರು ಉಂಡರೆ ನಮ್ಮ ಹೊಟ್ಟೆ ತುಂಬುತ್ತದೆಯೇ?

ಬೈಬಲಿನಲ್ಲಿ ಹಾಡು ಬರುವ ಜಾಗಗಳನ್ನು ನೋಡಿ. ಎಫೆಸ 5:19 ಮತ್ತು ಕೊಲೊಸ್ಸೆ 3:16ರಲ್ಲಿ ಪೌಲ ಬರೆಯುವುದು ಇಡೀ ಸಭೆಗೆ, ಬರೀ ಹಾಡುಗಾರರಿಗಲ್ಲ. ಅಲ್ಲಿ ಹಾಡಿಗೆ ಎರಡು ದಿಕ್ಕು. ಒಂದು ದೇವರ ಕಡೆಗೆ, ಇನ್ನೊಂದು ಪಕ್ಕದಲ್ಲಿ ಕೂತವರ ಕಡೆಗೆ. ಹಾಡಿನ ಮೂಲಕ ಒಬ್ಬರಿಗೊಬ್ಬರು ಬುದ್ಧಿ ಹೇಳಿಕೊಳ್ಳಿ ಅನ್ನುತ್ತಾನೆ. ಫಿಲಿಪ್ಪಿಯ ಸೆರೆಮನೆಯಲ್ಲಿ ಅವನೂ ಸೀಲನೂ ನಡುರಾತ್ರಿ ಹಾಡಿದಾಗ ಕಾಲು ಕೋಳದಲ್ಲಿತ್ತು, ಬೆನ್ನಿನ ಮೇಲೆ ಪೆಟ್ಟಿನ ಗಾಯವಿತ್ತು. ಉಳಿದ ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರು (ಅಪೊಸ್ತಲರ ಕೃತ್ಯಗಳು 16:25). ಅವರ ದನಿ ಹೇಗಿತ್ತು ಅಂತ ಒಂದು ಮಾತೂ ಇಲ್ಲ. ಕೊನೆಯ ರಾತ್ರಿಯೂಟ ಮುಗಿಸಿ ಎಣ್ಣೇಮರಗಳ ಗುಡ್ಡಕ್ಕೆ ಹೊರಡುವ ಮೊದಲು ಯೇಸುವೂ ಶಿಷ್ಯರೂ ಹಾಡಿದರು (ಮತ್ತಾಯ 26:30). ಅಲ್ಲೂ ಅಷ್ಟೇ, ಹಾಡಿದರು ಅನ್ನುವ ಮಾತಿದೆ, ಚೆನ್ನಾಗಿ ಹಾಡಿದರು ಅಂತ ಇಲ್ಲ.

ಹಾಗಾಗಿ ಮೊದಲ ನಿಯಮ ಇದು: ಪ್ರಾರ್ಥನೆಯ ಹತ್ತು ನಿಮಿಷ ಸ್ಪೀಕರ್ ಆಫ್. ಹಾಡು ಗೊತ್ತಿಲ್ಲದಿದ್ದರೆ ಮುಂಚೆಯೇ ಕೇಳಿ ಕಲಿಯಿರಿ, ಪ್ರಾರ್ಥನೆಯ ಹೊತ್ತಿನಲ್ಲಿ ಬೇಡ. ರೆಕಾರ್ಡಿಂಗ್ ಜೊತೆ ಹಾಡುವಾಗ ನಿಮ್ಮ ದನಿ ನಿಮಗೇ ಕೇಳಿಸದು. ಹಾಡು ನಿಂತ ಕೂಡಲೇ ಬಾಯಿಯೂ ನಿಲ್ಲುತ್ತದೆ.

ಹಂತ 2: ಹೊತ್ತು ಗೊತ್ತು ಮಾಡಿ

ಹೊಸ ಸಮಯ ಹುಡುಕಬೇಡಿ. ಈಗಾಗಲೇ ಇರುವ ಅಭ್ಯಾಸಕ್ಕೆ ಹಾಡನ್ನು ಕಟ್ಟಿ. ಊಟಕ್ಕೆ ಮೊದಲು, ದೀಪ ಆರಿಸುವ ಮೊದಲು, ಮಕ್ಕಳು ಮನೆಯಿಂದ ಹೊರಡುವ ಮೊದಲು. ಒಂದು ಹಾಡು ಸಾಕು, ಅದರಲ್ಲೂ ಎರಡು ಚರಣ ಸಾಕು. ಅರ್ಧ ಗಂಟೆಯ ಕಾರ್ಯಕ್ರಮ ಹಾಕಿಕೊಂಡ ಮನೆಗಳು ಎರಡನೇ ವಾರಕ್ಕೇ ಸುಸ್ತಾಗುತ್ತವೆ. ಮೂರು ನಿಮಿಷದಿಂದ ಶುರು ಮಾಡಿದವರು ಮುಂದುವರಿಯುತ್ತಾರೆ.

ಹಂತ 3: ಏಳು ಹಾಡು ಆರಿಸಿ

ಫೋನಿನಲ್ಲಿ ಸಾವಿರಾರು ಹಾಡು ಸಿಗುವ ಕಾಲದಲ್ಲಿ ಏಳೇನಾ ಅನ್ನಿಸಬಹುದು. 1524ರಲ್ಲಿ ಜರ್ಮನಿಯಲ್ಲಿ ಲೂಥರನ್ನರ ಮೊದಲ ಹಾಡಿನ ಪುಸ್ತಕ ಅಚ್ಚಾಯಿತು. ಅದರಲ್ಲಿದ್ದದ್ದು ಎಂಟೇ ಹಾಡು, ನಾಲ್ಕನ್ನು ಮಾರ್ಟಿನ್ ಲೂಥರ್ ಬರೆದಿದ್ದರು. ಅದುವರೆಗೆ ಆರಾಧನೆಯ ಹಾಡಿಕೆ ಹೆಚ್ಚಾಗಿ ಪಾದ್ರಿಗಳು ಮತ್ತು ಗಾಯನ ಮಂಡಳಿಯ ಕೈಯಲ್ಲಿತ್ತು, ಅದೂ ಲ್ಯಾಟಿನ್ ಭಾಷೆಯಲ್ಲಿ. ಜನರ ಬಾಯಿಗೆ ಅವರದೇ ಭಾಷೆಯ ಹಾಡು ಸೇರಿಸಲು ಆ ತೆಳ್ಳಗಿನ ಪುಸ್ತಕದಿಂದಲೇ ಶುರು ಮಾಡಿದರು.

ನಿಮ್ಮ ಏಳನ್ನು ಹೀಗೆ ಹಂಚಿಕೊಳ್ಳಿ: ಬೆಳಿಗ್ಗೆಗೆ ಒಂದು, ಮಲಗುವ ಮೊದಲಿಗೆ ಒಂದು, ಕೃತಜ್ಞತೆಗೆ ಒಂದು, ತಪ್ಪೊಪ್ಪಿಗೆಗೆ ಒಂದು, ದುಃಖಕ್ಕೆ ಒಂದು, ಮನೆಯ ಮಕ್ಕಳು ಇಷ್ಟಪಡುವುದು ಒಂದು, ಮನೆಯ ಹಿರಿಯರು ಬಾಲ್ಯದಿಂದ ಹಾಡಿಕೊಂಡು ಬಂದದ್ದು ಒಂದು. ಕೊನೆಯದನ್ನು ದಯವಿಟ್ಟು ಬಿಡಬೇಡಿ. ಅಜ್ಜಿ ಹೋದ ಮೇಲೆ ಆ ರಾಗ ಯಾರಿಗೂ ಪೂರ್ತಿ ನೆನಪಿರುವುದಿಲ್ಲ. ಈಗಲೇ ಕೂರಿಸಿ ಹಾಡಿಸಿ, ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಆರಿಸುವಾಗ ಒಂದು ಪರೀಕ್ಷೆ ಇದೆ. ರಾಗ ಬಿಟ್ಟು ಪದಗಳನ್ನು ಗಟ್ಟಿಯಾಗಿ ಓದಿ. ಪತ್ರ ಓದುವಂತೆ ಓದಿ. ಹಾಡುವಾಗ ಮೈ ಜುಮ್ಮೆನಿಸಿದ್ದು ಓದುವಾಗ ಏನೂ ಹೇಳದಿದ್ದರೆ, ನಿಮ್ಮನ್ನು ಮುಟ್ಟಿದ್ದು ರಾಗ ಮಾತ್ರ. ಇದು ಹೊಸ ಚಿಂತೆಯೇನಲ್ಲ. ಸುಮಾರು ಕ್ರಿ.ಶ. 400ರ ಹೊತ್ತಿಗೆ ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನರು ತಮ್ಮ 'ಕನ್ಫೆಷನ್ಸ್' ಪುಸ್ತಕದ ಹತ್ತನೇ ಭಾಗದಲ್ಲಿ ಇದೇ ವಿಷಯಕ್ಕೆ ತಲೆಕೆಡಿಸಿಕೊಂಡಿದ್ದಾರೆ. ಹಾಡಿನ ಮಾತಿಗಿಂತ ಹಾಡಿಕೆಯೇ ತಮ್ಮನ್ನು ಜಾಸ್ತಿ ಅಲುಗಿಸಿದರೆ ಅದು ತಪ್ಪು ಅಂತ ಒಪ್ಪಿಕೊಳ್ಳುತ್ತಾರೆ. ಹಾಗಂತ ಹಾಡೇ ಬೇಡ ಎನ್ನಲೂ ಅವರಿಗೆ ಮನಸ್ಸಿಲ್ಲ. ಹೊಸದಾಗಿ ವಿಶ್ವಾಸಕ್ಕೆ ಬಂದಾಗ ಸಭೆಯ ಹಾಡು ಕೇಳಿ ಅತ್ತದ್ದು ನೆನಪಾಗಿ, ಹಾಡು ಇರಲಿ ಅನ್ನುತ್ತಾರೆ. ನನ್ನ ಅಭಿಪ್ರಾಯವೂ ಅಷ್ಟೇ: ರಾಗಕ್ಕೆ ಮನಸೋಲುವುದು ತಪ್ಪಲ್ಲ, ಆದರೆ ಪದ ಟೊಳ್ಳಾಗಿದ್ದರೆ ಏಳರ ಪಟ್ಟಿಯಲ್ಲಿ ಅದಕ್ಕೆ ಜಾಗ ಕೊಡಬೇಡಿ.

ಓದುವಾಗ ಇನ್ನೆರಡು ವಿಷಯ ಗಮನಿಸಿ. ಹಾಡಿನ ತುಂಬ ನಾನು, ನನಗೆ, ನನ್ನ ಅನ್ನುವುದೇ ಇದೆಯೇ? ಒಂದೆರಡು ಹಾಡು ಹಾಗಿರಲಿ, ಕೀರ್ತನೆಗಳಲ್ಲೂ ಹಾಗೆ ಇವೆ. ಏಳೂ ಹಾಗೇ ಆದರೆ ಪಟ್ಟಿ ಬದಲಿಸಿ. ಇನ್ನೊಂದು, ನಿಮಗೆ ಅರ್ಥವಾಗದ ಹಳೆಯ ಪದ ಇದೆಯೇ? ಇದ್ದರೆ ಹಾಡನ್ನು ಕೈಬಿಡಬೇಡಿ, ಸಭಾಪಾಲಕರನ್ನೋ ಹಿರಿಯರನ್ನೋ ಕೇಳಿ ಅರ್ಥ ಬರೆದಿಟ್ಟುಕೊಳ್ಳಿ. ಆತ್ಮದಿಂದಲೂ ಹಾಡುತ್ತೇನೆ, ಬುದ್ಧಿಯಿಂದಲೂ ಹಾಡುತ್ತೇನೆ ಅನ್ನುತ್ತಾನೆ ಪೌಲ (1 ಕೊರಿಂಥ 14:15).

ಇಲ್ಲಿ ಬರುವ ಹೆಸರುಗಳನ್ನು ಬಿಡಿಸಿ ಹೇಳಿಬಿಡುತ್ತೇನೆ. 'ಕೀರ್ತನೆ' ಅಂದರೆ ಬೈಬಲಿನ ಕೀರ್ತನೆಗಳ ಪುಸ್ತಕದ 150 ಹಾಡುಗಳು. 'ಹಿಮ್' ಅಂದರೆ ಒಂದೇ ರಾಗಕ್ಕೆ ಹಲವು ಚರಣ ಕೂರಿಸಿದ ಸಭೆಯ ಹಾಡು. 'ಕೋರಸ್' ಅಂದರೆ ನಾಲ್ಕಾರು ಸಾಲನ್ನು ತಿರುಗಿಸಿ ಹಾಡುವ ಚಿಕ್ಕ ಹಾಡು. ಯಾವುದು ಮೇಲು ಅಂತ ಜಗಳ ಬೇಡ. ಹಿಮ್ ಕಲಿಸುತ್ತದೆ, ಕೋರಸ್ ಮನಸ್ಸಿನಲ್ಲಿ ನಿಲ್ಲುತ್ತದೆ, ಕೀರ್ತನೆ ಎರಡನ್ನೂ ಮಾಡುತ್ತದೆ.

ಹಂತ 4: ಅಳುವ ಹಾಡಿಗೆ ಜಾಗ ಬಿಡಿ

ಮೇಲಿನ ಪಟ್ಟಿ ಮಾಡುವಾಗ ಜನ ಸಾಮಾನ್ಯವಾಗಿ ಎಡವುವುದು ದುಃಖದ ಹಾಡಿನಲ್ಲಿ. ಅದಕ್ಕೇ ಇದನ್ನು ಬೇರೆ ಹಂತ ಮಾಡಿದ್ದೇನೆ. ವಿಶ್ವಾಸಿ ಯಾವಾಗಲೂ ಸಂತೋಷವಾಗಿರಬೇಕು, ಹಾಗಾಗಿ ಹಾಡೂ ಹಾಗೇ ಇರಬೇಕು ಅನ್ನುವ ಭಾವನೆ ಬಲವಾಗಿದೆ. ಕೀರ್ತನೆಗಳ ಪುಸ್ತಕ ಅದನ್ನು ಒಪ್ಪುವುದಿಲ್ಲ. ಅಲ್ಲಿ ದೂರು, ಗೋಳು, ಪ್ರಶ್ನೆ ತುಂಬಿದ ಹಾಡುಗಳು ಕಡಿಮೆ ಏನಿಲ್ಲ.

13ನೇ ಕೀರ್ತನೆ ತೆರೆಯಿರಿ. ಇರುವುದೇ ಆರು ವಚನ. ಮೊದಲೆರಡು ವಚನದಲ್ಲೇ ಹಾಡುಗಾರ ನಾಲ್ಕು ಸಲ ದೇವರನ್ನು ಕೇಳುತ್ತಾನೆ: ಇನ್ನೆಷ್ಟು ಕಾಲ? ಮರೆತೇಬಿಟ್ಟೆಯಾ ಅಂತಲೂ ಕೇಳುತ್ತಾನೆ. ಆಮೇಲೆ ಬೇಡಿಕೆ. ಕೊನೆಯ ವಚನದಲ್ಲಷ್ಟೇ ಹಾಡುತ್ತೇನೆ ಅನ್ನುವ ಮಾತು. ದುಃಖದಲ್ಲಿರುವವರಿಗೆ ಇದು ಒಳ್ಳೆಯ ಮೆಟ್ಟಿಲು, ಒಂದೊಂದೇ ಹೆಜ್ಜೆ ಇಡಿಸುತ್ತದೆ. ಆದರೆ ಪ್ರತಿಯೊಂದು ಕೀರ್ತನೆಯೂ ಹೀಗೆ ಬೆಳಕಿಗೆ ಬಂದು ಮುಗಿಯುತ್ತದೆ ಅಂದುಕೊಳ್ಳಬೇಡಿ. 88ನೆಯದು ಕತ್ತಲಲ್ಲೇ ಮುಗಿಯುತ್ತದೆ. ಅದನ್ನೂ ಯಾರೋ ಹಾಡಿಟ್ಟಿದ್ದಾರೆ, ಜನ ಅದನ್ನೂ ಆರಾಧನೆಯ ಪುಸ್ತಕದಲ್ಲಿ ಉಳಿಸಿಕೊಂಡಿದ್ದಾರೆ.

ಹಾಗಾದರೆ ಮೂರನೇ ಪ್ರಶ್ನೆಗೆ ಉತ್ತರ? ಮನಸ್ಸು ಕುಸಿದಾಗ ಸ್ತುತಿಯನ್ನು ಬಲವಂತವಾಗಿ ಎಳೆದು ತರಬೇಕಿಲ್ಲ. ಅಳುವ ಕೀರ್ತನೆ ಹಾಡಿ, ಅದೂ ದೇವರ ಎದುರೇ ಹಾಡುವುದು ತಾನೇ. ಯಾಕೋಬ 5:13 ಕೂಡ ಬಾಧೆಪಡುವವನಿಗೆ ಪ್ರಾರ್ಥಿಸು ಅನ್ನುತ್ತದೆ, ಸಂತೋಷವಾಗಿರುವವನಿಗೆ ಹಾಡು ಅನ್ನುತ್ತದೆ. ಎರಡನ್ನೂ ಒಬ್ಬನ ಮೇಲೇ ಹೇರಿಲ್ಲ.

ಎಚ್ಚರಿಕೆ: ಸಾವಿನ ಮನೆಗೆ ಹೋದಾಗ ಕೈತಟ್ಟುವ ಹಾಡು ತೆಗೆಯಬೇಡಿ. ಆ ಮನೆಯವರೇ ಕೇಳಿದರೆ ಸರಿ. ನೀವಾಗಿ ಬೇಡ.

ಒಂದು ಸಣ್ಣ ತೊಡಕನ್ನೂ ಹೇಳಿಬಿಡುತ್ತೇನೆ. ಗ್ರೀಕ್, ಲ್ಯಾಟಿನ್ ಬೈಬಲಿನ ಜಾಡಿನಲ್ಲಿ ಬಂದ ಕೆಲವು ಹಳೆಯ ಪುಸ್ತಕಗಳಲ್ಲಿ ಕೀರ್ತನೆಯ ಸಂಖ್ಯೆ ಒಂದು ಹಿಂದೆ ಇರುತ್ತದೆ. ಕುರುಬನ ಕೀರ್ತನೆ 23ರ ಬದಲು 22 ಅಂತ ಕಂಡರೆ ಅಚ್ಚಿನ ತಪ್ಪಲ್ಲ, ಎಣಿಕೆಯ ಕ್ರಮ ಬೇರೆ.

ಹಂತ 5: ಶ್ರುತಿ ಹಿಡಿಯಿರಿ

"ನನಗೆ ಹಾಡಲು ಬರಲ್ಲ" ಅನ್ನುವವರಲ್ಲಿ ಬಹಳ ಮಂದಿಯ ನಿಜವಾದ ತೊಂದರೆ ಶ್ರುತಿ. ಶ್ರುತಿ ಅಂದರೆ ಹಾಡು ಎಷ್ಟು ಎತ್ತರದಲ್ಲಿ ಶುರುವಾಗುತ್ತದೆ ಅನ್ನುವುದು. ರೆಕಾರ್ಡಿಂಗ್‌ನಲ್ಲಿ ಹಾಡುವವರು ಪಳಗಿದವರು, ತಮ್ಮ ಗಂಟಲು ಮೆರೆಯುವ ಎತ್ತರದಲ್ಲಿ ಹಾಡಿರುತ್ತಾರೆ. ನೀವು ಅದೇ ಎತ್ತರದಲ್ಲಿ ಶುರು ಮಾಡಿದರೆ ಮೂರನೇ ಸಾಲಿಗೆ ಕಿರುಚಾಟ. ನಾನೂ ಒಮ್ಮೆ ಒಂದು ಮನೆಯ ಪ್ರಾರ್ಥನೆಯಲ್ಲಿ ಹುರುಪಿನಿಂದ ಎತ್ತರದಲ್ಲಿ ಎತ್ತಿಕೊಂಡೆ. ಪಲ್ಲವಿಗೆ ಬರುವಷ್ಟರಲ್ಲಿ ಎಲ್ಲರೂ ಸುಮ್ಮನಾಗಿ ನನ್ನ ಮುಖ ನೋಡುತ್ತಿದ್ದರು.

ಮಾಡಬೇಕಾದದ್ದು ಹೀಗೆ:

1. ಹಾಡಿನಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ಹೋಗುವ ಸಾಲು ಯಾವುದು ಗುರುತಿಸಿ. ಸಾಮಾನ್ಯವಾಗಿ ಪಲ್ಲವಿಯಲ್ಲಿ ಇಲ್ಲವೇ ಮೂರನೇ ಸಾಲಿನಲ್ಲಿ ಇರುತ್ತದೆ.
2. ಆ ಸಾಲನ್ನು ಮೊದಲು ಹಾಡಿ ನೋಡಿ. ಗಲ್ಲ ಮೇಲಕ್ಕೆತ್ತದೆ, ಕುತ್ತಿಗೆ ಬಿಗಿಯದೆ ಬರಬೇಕು.
3. ಅಲ್ಲಿಂದ ಹಿಂದಕ್ಕೆ ಬಂದು ಮೊದಲ ಸಾಲನ್ನು ಗುನುಗಿ. ಅದೇ ನಿಮ್ಮ ಶುರುವಿನ ಜಾಗ. ಅದು ಅನುಮಾನ ಬರುವಷ್ಟು ತಗ್ಗಿನಲ್ಲಿರುತ್ತದೆ, ಇರಲಿ ಬಿಡಿ.
4. ಮೊದಲ ಸ್ವರವನ್ನು ಎಲ್ಲರಿಗೂ ಒಂದು ಉಸಿರು ಗುನುಗಿ ಕೇಳಿಸಿ, ಆಮೇಲೆ ಹಾಡು ಎತ್ತಿಕೊಳ್ಳಿ.

ಕೀಬೋರ್ಡ್ ಇದ್ದವರಿಗೆ ಒಂದು ಅಳತೆ: ಎಲ್ಲರೂ ಒಟ್ಟಿಗೆ ಹಾಡುವ ಹಾಡು ಮಧ್ಯದ 'ಸಿ' ಕೆಳಗಿನ 'ಎ'ಯಿಂದ ಮೇಲಿನ 'ಡಿ' ತನಕ ಇದ್ದರೆ ಹೆಚ್ಚಿನವರಿಗೆ ಕಷ್ಟವಾಗದು. ಗಂಡಸರು ಅದನ್ನೇ ಒಂದು ಸ್ಥಾಯಿ ಕೆಳಗೆ ಹಾಡುತ್ತಾರೆ. ಗಿಟಾರ್ ಇದ್ದವರು ಕ್ಯಾಪೊ ನಂಬಿ ಮೋಸ ಹೋಗಬೇಡಿ. ಕ್ಯಾಪೊ ಅಂದರೆ ತಂತಿಗಳನ್ನು ಒತ್ತಿ ಹಿಡಿಯುವ ಚಿಕ್ಕ ಕ್ಲಿಪ್. ಅದು ಶ್ರುತಿಯನ್ನು ಏರಿಸುತ್ತದೆ, ಇಳಿಸುವುದಿಲ್ಲ. 'ಜಿ'ಯಲ್ಲಿರುವ ಹಾಡನ್ನು 'ಇ'ಗೆ ಇಳಿಸಬೇಕಾದರೆ 'ಡಿ' ಗುಂಪಿನ ಕಾರ್ಡ್‌ಗಳನ್ನು ಹಿಡಿದು ಎರಡನೇ ಮನೆಗೆ ಕ್ಯಾಪೊ ಹಾಕಿ.

ಬೆಳಿಗ್ಗೆ ಎದ್ದ ಕೂಡಲೇ ಗಂಟಲು ಇನ್ನೂ ತಗ್ಗಿನಲ್ಲಿರುತ್ತದೆ. ಸಂಜೆ ಸರಿಯಾಗಿದ್ದ ಶ್ರುತಿ ಬೆಳಿಗ್ಗೆ ಏರಿತು ಅನ್ನಿಸಿದರೆ ನಿಮ್ಮ ತಪ್ಪೇನಿಲ್ಲ.

ಹಂತ 6: ಸಾಲು ಸಾಲಾಗಿ ಕಲಿಸಿ, ಪದ ಕೆಡಿಸಬೇಡಿ

ಓದಲು ಬಾರದ ಮಕ್ಕಳು, ಕಣ್ಣು ಮಂಜಾದ ಹಿರಿಯರು ಇರುವ ಮನೆಯಲ್ಲಿ ಪುಸ್ತಕ ಹಂಚಿ ಪ್ರಯೋಜನವಿಲ್ಲ. ಒಬ್ಬರು ಒಂದು ಸಾಲು ಹೇಳಬೇಕು, ಉಳಿದವರು ಅದನ್ನು ಹಾಡಬೇಕು, ಮತ್ತೆ ಮುಂದಿನ ಸಾಲು. 1640ರ ದಶಕದಲ್ಲಿ ಇಂಗ್ಲೆಂಡಿನ ಸಭೆಗಳಿಗೆ ಬರೆದ ಆರಾಧನೆಯ ಕೈಪಿಡಿಯೂ, ಓದಲು ಬಾರದವರು ಜಾಸ್ತಿ ಇದ್ದಲ್ಲಿ ಕೀರ್ತನೆಯನ್ನು ಹೀಗೇ ಸಾಲು ಸಾಲಾಗಿ ಹೇಳಿಕೊಡಿ ಅಂದಿತ್ತು. ವಾರಕ್ಕೆ ಒಂದು ಚರಣ ಸಾಕು.

ಕನ್ನಡದಲ್ಲಿ ಹಾಡುವವರು ಎಚ್ಚರವಹಿಸಬೇಕಾದ ಒಂದು ಗುಂಡಿ ಇದೆ. ನಮ್ಮ ಭಾಷೆಯಲ್ಲಿ ಹ್ರಸ್ವ, ದೀರ್ಘ ಬದಲಾದರೆ ಅರ್ಥವೇ ಬದಲಾಗುತ್ತದೆ. ಬೇರೆ ಭಾಷೆಯ ರಾಗಕ್ಕೆ ಕನ್ನಡ ಪದ ಕೂರಿಸಿದಾಗ, ರಾಗ ಉದ್ದಕ್ಕೆ ನಿಲ್ಲುವ ಜಾಗಕ್ಕೆ ಗಿಡ್ಡ ಅಕ್ಷರ ಬಂದು ಬೀಳುತ್ತದೆ. "ಕರ್ತನು ನನ್ನ ಬಲ" ಅಂತ ಹಾಡಲು ಹೋಗಿ, 'ಬ' ಮೇಲೆ ಎರಡು ಎಣಿಕೆ ನಿಂತರೆ ಅದು "ಕರ್ತನು ನನ್ನ ಬಾಲ" ಆಗುತ್ತದೆ! ದೊಡ್ಡವರು ಅಭ್ಯಾಸಬಲದಿಂದ ಗಮನಿಸುವುದಿಲ್ಲ, ಮಕ್ಕಳು ಗಮನಿಸಿ ಬಿದ್ದು ಬಿದ್ದು ನಗುತ್ತಾರೆ. ಉಪಾಯ ಸುಲಭ. 'ಬ' ಅನ್ನು ಗಿಡ್ಡವಾಗಿ ಮುಟ್ಟಿ ದಾಟಿ, 'ಲ' ಮೇಲೆ ನಿಲ್ಲಿ. ಪದದ ಕೊನೆಯ ಅಕ್ಷರ ಎಳೆದರೆ ಕನ್ನಡಕ್ಕೆ ಅಷ್ಟೇನೂ ನೋವಾಗುವುದಿಲ್ಲ.

ಉಸಿರಿನದೂ ಇದೇ ಕಥೆ. ಪದದ ನಡುವೆ ಉಸಿರು ತೆಗೆದರೆ "ಕರ್ತನು ನನ್ನ ಕುರು..." ಅಂತ ನಿಂತು, ಆಮೇಲೆ "...ಬನು" ಬರುತ್ತದೆ. ಕುರು ಅಂದರೆ ಏನು ಅಂತ ಕನ್ನಡಿಗರಿಗೆ ಹೇಳಬೇಕಿಲ್ಲ. ಹಾಡನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳುವಾಗಲೇ ಉಸಿರು ತೆಗೆಯುವ ಜಾಗಕ್ಕೆ ಒಂದು ಚಿಕ್ಕ ಗೀಟು ಹಾಕಿಕೊಳ್ಳಿ.

ಪುಸ್ತಕದಲ್ಲಿ ಹಾಡಿನ ತಲೆಯ ಮೇಲೆ 8.6.8.6 ಅನ್ನುವ ಅಂಕಿ ಕಂಡರೆ ಅದು ಅಳತೆ: ಮೊದಲ ಸಾಲಿಗೆ ಎಂಟು ಅಕ್ಷರ, ಎರಡನೆಯದಕ್ಕೆ ಆರು, ಹೀಗೆ. ಒಂದೇ ಅಳತೆಯ ಎರಡು ಹಾಡಿನ ರಾಗಗಳನ್ನು ಅದಲುಬದಲು ಮಾಡಬಹುದು. ಗೊತ್ತಿಲ್ಲದ ಹಾಡನ್ನು ಗೊತ್ತಿರುವ ರಾಗಕ್ಕೆ ಹಾಡಲು ಇದು ಒಳ್ಳೆಯ ದಾರಿ. ಜಗತ್ತಿನಾದ್ಯಂತ ಹಾಡುವ 'ಅಮೇಜಿಂಗ್ ಗ್ರೇಸ್' ಕೂಡ ಇದೇ ಅಳತೆಯದು. ಜಾನ್ ನ್ಯೂಟನ್ ಅದನ್ನು 1773ರ ಹೊಸ ವರ್ಷದ ಆರಾಧನೆಗೆ ಬರೆದರು. ಈಗ ನಮಗೆ ಗೊತ್ತಿರುವ ರಾಗಕ್ಕೂ ಆ ಪದಕ್ಕೂ ಜೋಡಿ ಆದದ್ದು 1835ರಲ್ಲಿ, ಅವರು ತೀರಿಕೊಂಡು ಎಷ್ಟೋ ವರ್ಷಗಳ ನಂತರ. ಕನ್ನಡದಲ್ಲಿ ಮಾತ್ರ ಅಕ್ಷರದ ಲೆಕ್ಕ ಸರಿಹೋದರೆ ಸಾಲದು, ಹಾಡಿ ನೋಡಿ 'ಬಾಲ' ಬಂತೇ ಅಂತ ಪರೀಕ್ಷಿಸಿ.

ಹಂತ 7: ರಾಗವೇ ನಿಲ್ಲದವರಿಗೆ

ಶ್ರುತಿ ಇಳಿಸಿದರೂ ರಾಗ ಹಿಡಿಯಲಾಗದವರು ಇದ್ದಾರೆ. ಅವರಿಗೂ ದಾರಿ ಇದೆ, ಅದು ಬಹಳ ಹಳೆಯ ದಾರಿ. ಕೀರ್ತನೆಯನ್ನು ಒಂದೇ ಸ್ವರದಲ್ಲಿ ಹೇಳುವುದು.

ಕೀರ್ತನೆಯ ವಚನ ಹೆಚ್ಚಾಗಿ ಎರಡು ತುಂಡಾಗಿರುತ್ತದೆ. ಮೊದಲ ತುಂಡು ಒಂದು ಮಾತು ಹೇಳುತ್ತದೆ, ಎರಡನೆಯದು ಅದನ್ನೇ ಬೇರೆ ರೀತಿ ಹೇಳುತ್ತದೆ ಇಲ್ಲವೇ ಮುಂದಕ್ಕೆ ಒಯ್ಯುತ್ತದೆ. ನಿಮಗೆ ಸುಲಭವಾದ ಒಂದು ಸ್ವರ ಹಿಡಿಯಿರಿ. ಮೊದಲ ತುಂಡನ್ನು ಮಾತಿನ ಓಟದಲ್ಲೇ ಆ ಸ್ವರದಲ್ಲಿ ಹೇಳಿ. ಒಂದು ಉಸಿರು ನಿಲ್ಲಿ. ಎರಡನೇ ತುಂಡು ಹೇಳಿ, ಕೊನೆಯ ಪದದಲ್ಲಿ ಸ್ವಲ್ಪ ಕೆಳಗಿಳಿಸಿ. ಮುಗಿಯಿತು. ನಡುವಿನ ಆ ಮೌನವನ್ನು ನುಂಗಬೇಡಿ. ಮಠಗಳಲ್ಲಿ ಕೀರ್ತನೆ ಹಾಡುವವರು ಆ ನಿಲುಗಡೆಯನ್ನು ತುಂಬ ಜತನದಿಂದ ಕಾಪಾಡುತ್ತಾರೆ.

ಮನೆಮಂದಿಯೆಲ್ಲ ಸೇರಿದಾಗ 136ನೇ ಕೀರ್ತನೆಯಿಂದ ಶುರು ಮಾಡಿ. ಅದರಲ್ಲಿ 26 ವಚನ. ಪ್ರತಿ ವಚನದ ಕೊನೆಗೂ ಆತನ ಕೃಪೆ ಶಾಶ್ವತ ಅನ್ನುವ ಒಂದೇ ಮಾತು. ಒಬ್ಬರು ಮೊದಲ ತುಂಡು ಓದಲಿ, ಉಳಿದವರು ಆ ಮಾತನ್ನು ಒಂದೇ ಸ್ವರದಲ್ಲಿ ಹಾಡಲಿ. ಮೂರು ವರ್ಷದ ಮಗುವೂ ಐದನೇ ವಚನದ ಹೊತ್ತಿಗೆ ಸೇರಿಕೊಳ್ಳುತ್ತದೆ. ಹೀಗೆ ಒಬ್ಬರ ನಂತರ ಒಬ್ಬರು ಹಾಡುವುದು ಹೊಸದಲ್ಲ. ಸುಮಾರು ಕ್ರಿ.ಶ. 112ರಲ್ಲಿ ಪ್ಲಿನಿ ಎಂಬ ರೋಮನ್ ಅಧಿಕಾರಿ ಕ್ರೈಸ್ತರನ್ನು ವಿಚಾರಣೆ ಮಾಡಿ ಚಕ್ರವರ್ತಿಗೆ ಪತ್ರ ಬರೆದ. ಇವರು ಗೊತ್ತಾದ ದಿನ ಬೆಳಕು ಹರಿಯುವ ಮೊದಲೇ ಸೇರಿ, ಕ್ರಿಸ್ತನನ್ನು ದೇವರೆಂದು ಸರದಿಯಲ್ಲಿ ಹಾಡುತ್ತಾರೆ ಅನ್ನುವುದು ಅವನಿಗೆ ತಿಳಿದುಬಂದ ಸಂಗತಿಗಳಲ್ಲಿ ಒಂದು.

ಹಂತ 8: ಹಾಡನ್ನು ಪ್ರಾರ್ಥನೆಯ ಕೋಣೆಯಿಂದ ಹೊರಗೆ ಬಿಡಿ

ಎರಡು ಮೂರು ಹಾಡು ಬಾಯಿಗೆ ಬಂದ ಮೇಲೆ ಅವು ತಾವಾಗಿಯೇ ಓಡಾಡತೊಡಗುತ್ತವೆ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಗುನುಗುತ್ತೀರಿ. ಅದಕ್ಕೆ ಹಂತ ಬೇಕಿಲ್ಲ. ಕೆಲವು ಹೊತ್ತಿಗೆ ಮಾತ್ರ ಸ್ವಲ್ಪ ತಯಾರಿ ಬೇಕು.

ಹೊರಡುವಾಗ: 121ನೇ ಕೀರ್ತನೆ. ಹೋಗುವುದನ್ನೂ ಬರುವುದನ್ನೂ ಕಾಯುವ ಮಾತು ಅದರ ಕೊನೆಯಲ್ಲಿದೆ. ಯಾತ್ರೆ ಹೊರಟವರ ಹಾಡುಗಳ ಗುಂಪಿನದು ಅದು.

ಮಲಗುವಾಗ: 4ನೇ ಕೀರ್ತನೆಯ ಕೊನೆಯ ವಚನ. ಮಕ್ಕಳಿಗೆ ಅದೊಂದೇ ಸಾಕು.

ಕಾಯಿಲೆಯವರ ಹಾಸಿಗೆಯ ಬಳಿ ಜಾಸ್ತಿ ಜಾಗ್ರತೆ ಬೇಕು. ಹಾಡಲೇ ಅಂತ ಮೊದಲು ಕೇಳಿ. ಬೇಡ ಅಂದರೆ ಸುಮ್ಮನೆ ಕೂತಿರಿ. ಹಾಡುವುದಾದರೆ ಒಂದೇ ಹಾಡು, ಅವರಿಗೆ ಗೊತ್ತಿರುವುದು, ತಗ್ಗಿದ ದನಿಯಲ್ಲಿ, ಪಕ್ಕದಲ್ಲಿ ಕೂತು. ಗುಂಪು ಕಟ್ಟಿಕೊಂಡು ಹೋಗಿ ಸುತ್ತ ನಿಂತು ಹಾಡಬೇಡಿ. ಮರೆವಿನ ಕಾಯಿಲೆಯವರಲ್ಲಿ ಮಕ್ಕಳ ಹೆಸರು ಮರೆತುಹೋಗಿದ್ದರೂ ಚಿಕ್ಕಂದಿನ ಹಾಡು ಉಳಿದಿರುವುದುಂಟು. ಅವರೊಂದಿಗೆ ಹಾಡುವಾಗ ನಿಧಾನವಾಗಿ ಹಾಡಿ, ಸಾಲಿನ ಕೊನೆಯ ಪದವನ್ನು ನೀವು ಬಿಟ್ಟು ಕಾದು ನೋಡಿ. ತುಟಿ ಅಲುಗುತ್ತದೆಯೇ ಗಮನಿಸಿ. ಅಲುಗದಿದ್ದರೆ ನೀವೇ ಆ ಪದ ಹಾಡಿ ಮುಂದೆ ಹೋಗಿ, ಪರೀಕ್ಷೆ ಮಾಡಿದಂತೆ ಅವರಿಗೆ ಅನ್ನಿಸಬಾರದು.

"ಬೇರೆ ಹಾಡು ಕೇಳಬಹುದಾ, ಸಿನಿಮಾ ಹಾಡು?" ಅಂತಲೂ ಕೇಳುತ್ತಾರೆ. ಇದಕ್ಕೆ ಸಭೆಗಳಲ್ಲಿ ಒಂದೇ ಉತ್ತರ ಇಲ್ಲ. ದಾವೀದ ಕಿನ್ನರಿ ನುಡಿಸಿದಾಗ ಸೌಲನಿಗೆ ಸಮಾಧಾನವಾಯಿತು ಅನ್ನುತ್ತದೆ 1 ಸಮುವೇಲ 16:23, ಅಲ್ಲಿ ಹಾಡಿನ ಪದದ ಮಾತೇ ಇಲ್ಲ. ರಾಗ ಕ್ರೈಸ್ತವೂ ಅಲ್ಲ, ಅಕ್ರೈಸ್ತವೂ ಅಲ್ಲ ಅನ್ನುವುದು ನನ್ನ ನಿಲುವು. ಮೂರನೇ ಹಂತದ ಪರೀಕ್ಷೆಯನ್ನು ಅದಕ್ಕೂ ಹಚ್ಚಿ. ಪದ ಓದಿ ನೋಡಿ, ಮಗುವಿನ ಬಾಯಲ್ಲಿ ಆ ಮಾತು ಬಂದರೆ ನಿಮಗೆ ಸರಿ ಅನ್ನಿಸುತ್ತದೆಯೇ ಅಂತ ನೋಡಿ.

ಹಂತ 9: ಸಭೆಯಲ್ಲಿ ಹಾಡಿಸುವ ಕೆಲಸ ಬಂದರೆ

ಮನೆಯಲ್ಲಿ ಹಾಡುವವರನ್ನು ಬೇಗ ಸಭೆಯಲ್ಲಿ ಹಾಡಿಸಲು ಕರೆಯುತ್ತಾರೆ. ಒಪ್ಪುವ ಮೊದಲು ಅಲ್ಲಿಯ ಕ್ರಮ ಕೇಳಿ. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಸಾಮಾನ್ಯವಾಗಿ ವಾದ್ಯ ಇರುವುದಿಲ್ಲ, ಬರೀ ಕಂಠ. ಕೆಲವು ಪ್ರೊಟೆಸ್ಟೆಂಟ್ ಸಭೆಗಳದೂ ಅದೇ ಪದ್ಧತಿ. ಕ್ಯಾಥೊಲಿಕ್ ಬಲಿಪೂಜೆಯಲ್ಲಿ ಯಾವ ಭಾಗಕ್ಕೆ ಎಂಥ ಹಾಡು ಅನ್ನುವ ಕ್ರಮವಿದೆ. ಇಷ್ಟವಾದದ್ದನ್ನೆಲ್ಲ ತೂರಿಸುವ ಹಾಗಿಲ್ಲ.

ಆಮೇಲೆ ಈ ನಾಲ್ಕು ವಿಷಯ ನೋಡಿಕೊಳ್ಳಿ.

ಒಂದೇ ದಿನ ಒಂದಕ್ಕಿಂತ ಹೆಚ್ಚು ಹೊಸ ಹಾಡು ಬೇಡ. ಅದನ್ನೂ ಮುಂದಿನ ಮೂರು ವಾರ ಮತ್ತೆ ಹಾಡಿಸಿ, ಇಲ್ಲದಿದ್ದರೆ ಕಲಿಸಿದ್ದು ದಂಡ.

ಶಬ್ದ ತಗ್ಗಿಸಿ. ಮೈಕ್, ಡ್ರಮ್ಸ್ ನಡುವೆ ಜನರಿಗೆ ತಮ್ಮ ಪಕ್ಕದವರ ದನಿ ಕೇಳಿಸುತ್ತಿದೆಯೇ? ಹಿಂದಿನ ಸಾಲಿನಲ್ಲಿ ಒಮ್ಮೆ ಹೋಗಿ ನಿಂತು ನೋಡಿ. ಕೇಳಿಸದಿದ್ದರೆ ಅವರು ಹಾಡುವುದನ್ನು ನಿಲ್ಲಿಸಿ ನಿಮ್ಮನ್ನು ನೋಡುತ್ತಾ ನಿಂತಿರುತ್ತಾರೆ. ಮೆಥಡಿಸ್ಟ್ ಸಭೆಗಳಿಗೆ ಮೂಲವಾದ ಬೋಧಕ ಜಾನ್ ವೆಸ್ಲಿ 1761ರಲ್ಲಿ ಹಾಡುವವರಿಗೆ ಬರೆದ ಸೂಚನೆಗಳಲ್ಲಿ ಇದರ ಎರಡೂ ಮಗ್ಗುಲು ಇದೆ: ಅರೆಸತ್ತವರಂತೆ, ಅರೆನಿದ್ದೆಯಲ್ಲಿರುವವರಂತೆ ಹಾಡಬೇಡಿ ಅನ್ನುತ್ತಾರೆ. ಎಲ್ಲರಿಗಿಂತ ಮೇಲೆ ಕೇಳಿಸಬೇಕು ಅಂತ ಅರಚಬೇಡಿ ಅಂತಲೂ ಅನ್ನುತ್ತಾರೆ.

ಹಾಡಿನ ಹಕ್ಕು ಯಾರದು ತಿಳಿದುಕೊಳ್ಳಿ. ಹಳೆಯ ಹಾಡು ಅಂದ ಮಾತ್ರಕ್ಕೆ ಎಲ್ಲವೂ ಬಿಟ್ಟಿ ಅಲ್ಲ. ಮೂಲ ಹಾಡಿನ ಹಕ್ಕು ಮುಗಿದಿದ್ದರೂ ಅದರ ಹೊಸ ಅನುವಾದಕ್ಕೆ, ಹೊಸ ಸಂಯೋಜನೆಗೆ ಬೇರೆ ಹಕ್ಕು ಇರಬಹುದು. ಪದ ಅಚ್ಚು ಹಾಕಿಸುವ, ಪರದೆಯ ಮೇಲೆ ತೋರಿಸುವ, ವಿಡಿಯೊ ಹಾಕುವ ಮೊದಲು ಅನುಮತಿ ಕೇಳಿ.

ಕೊನೆಯದು ಆಮೋಸ 5:23. ನಿಮ್ಮ ಹಾಡುಗಳ ಗದ್ದಲ ನನ್ನಿಂದ ತೊಲಗಲಿ ಅನ್ನುತ್ತಾನೆ ದೇವರು, ಬಡವರನ್ನು ತುಳಿಯುತ್ತಲೇ ಹಬ್ಬ ಮಾಡುತ್ತಿದ್ದ ಜನಕ್ಕೆ. ಹಾಡುವ ತಂಡದ ಅಭ್ಯಾಸದಲ್ಲಿ ಯಾರು ಮುಂದೆ ನಿಲ್ಲಬೇಕು ಅಂತ ಜಗಳ ಶುರುವಾದ ದಿನ ಈ ವಚನ ಓದಿ, ಅಭ್ಯಾಸ ನಿಲ್ಲಿಸಿ ಮನೆಗೆ ಹೋಗಿ. ಹಾಡಿಗಿಂತ ಮೊದಲು ಮುರಿದ ಮಾತು ಸರಿಯಾಗಲಿ.

ನಡುವೆ ನಿಂತುಹೋದರೆ

ನಿಂತೇ ನಿಲ್ಲುತ್ತದೆ. ಯಾರಿಗೋ ಜ್ವರ ಬರುತ್ತದೆ, ಮನೆಗೆ ನೆಂಟರು ಬರುತ್ತಾರೆ, ಹದಿನೈದು ದಿನ ಹಾಡೇ ಇರುವುದಿಲ್ಲ. ಬಿಟ್ಟ ದಿನಗಳ ಲೆಕ್ಕ ಹಾಕಬೇಡಿ. ಏಳರಲ್ಲಿ ತುಂಬ ಸುಲಭವಾದ ಮಲಗುವ ಹೊತ್ತಿನ ಹಾಡಿನಿಂದ ಮತ್ತೆ ಶುರು ಮಾಡಿ. ಒಂದೇ ಚರಣ, ಪುಸ್ತಕ ಬೇಡ, ದೀಪ ಆರಿಸಿಯೇ ಹಾಡಿ. ನೋಟ್‌ಬುಕ್ಕಿನಲ್ಲಿ ಹಾಡಿನ ಪಕ್ಕ ಹಾಡಿದ ತಾರೀಖು ಬರೆಯುವ ಅಭ್ಯಾಸ ಇಟ್ಟುಕೊಂಡರೆ, ಯಾವ ಹಾಡು ನಿಮ್ಮ ಮನೆಗೆ ಒಗ್ಗಿದೆ, ಯಾವುದನ್ನು ಸುಮ್ನೆ ಪಟ್ಟಿಯಲ್ಲಿ ಇಟ್ಟುಕೊಂಡಿದ್ದೀರಿ ಅನ್ನುವುದು ಆರು ತಿಂಗಳಲ್ಲಿ ಗೊತ್ತಾಗುತ್ತದೆ. ತಾರೀಖೇ ಬೀಳದ ಹಾಡನ್ನು ತೆಗೆದು ಬೇರೊಂದು ಹಾಕಿಕೊಳ್ಳಿ.

ಒಬ್ಬರೇ ಇರುವವರೂ ಇದೇ ಕ್ರಮ ಹಿಡಿಯಬಹುದು. ಗೋಡೆಯಾಚೆ ಕೇಳಿಸುತ್ತದೆ ಅನ್ನುವ ಸಂಕೋಚವಿದ್ದರೆ ಏಳನೇ ಹಂತದ ಒಂದೇ ಸ್ವರದ ಕೀರ್ತನೆ ಸಾಕು. ಅದನ್ನು ಪಿಸುದನಿಯಲ್ಲೂ ಹಾಡಬಹುದು.